ಅಮಾವಾಸ್ಯೆ ಬಂದ ಅಧ್ಯಾಯ

ರಾಜಘಟ್ಟ
11 ಫೆಬ್ರವರಿ 1945, ಭಾನುವಾರ

ಅಪ್ಪನವರಿಗೆ,

ಸಂಕ್ರಾಂತಿಗೆ ಬಂದಾಗ ನಿಮ್ಮ ಕಪಾಟಿನಿಂದ ತಂದಿದ್ದ ಕಾದಂಬರಿಯ ಮೊದಲ ಭಾಗ ನಿನ್ನೆ ಮಧ್ಯಾಹ್ನ ಮುಗಿಯಿತು. ಎರಡನೆಯ ಭಾಗ ತುರ್ತಾಗಿ ಬೇಕಾಗಿದೆ. ಕಾರಣ ಬರೆಯುತ್ತೇನೆ, ನಗಬೇಡಿ.

ಕಣದ ಕೆಲಸ ಮುಗಿದಿರುವುದರಿಂದ ಮಧ್ಯಾಹ್ನದ ಹೊತ್ತು ನಮ್ಮ ಹಜಾರದಲ್ಲಿ ಕೇರಿಯ ಹೆಂಗಸರು ಹುಣಸೆಹಣ್ಣು ಬಿಡಿಸಲು ಸೇರುತ್ತಾರೆ. ಅವರು ಬೀಜ ತೆಗೆಯುತ್ತಾರೆ, ನಾನು ಓದುತ್ತೇನೆ. ಪುಸ್ತಕ ಇಡಲು ಬೇರೇನೂ ಸಿಗದೆ ಮೊದಲ ದಿನ ಮಾವನವರ ವ್ಯಾಸಪೀಠ ತಂದಿಟ್ಟುಕೊಂಡೆ. ಅವರು ಇದ್ದಾಗ ಅದರ ಮೇಲೆ ಭಾರತ ಓದುತ್ತಿದ್ದರಲ್ಲ, ಅದೇ. ಎಡವಟ್ಟು ಆದದ್ದು ಅಲ್ಲೇ. ಮಾರನೆಯ ದಿನ ನಮ್ಮ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಅದರ ಮಾರನೆಯ ದಿನ ಒಂದು ಕಣಗಿಲೆ ಹೂವು ಬಂತು. ಅಲ್ಲಿಂದಾಚೆಗೆ ಅದು ಬರೀ ಕಾದಂಬರಿ, ಪುರಾಣವಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮೊದಲ ಭಾಗದ ಕೊನೆ ನಿಮಗೆ ನೆನಪಿರಬಹುದು. ಸಮರಜಿತನನ್ನು ಶತ್ರುಗಳು ಹಿಡಿದು ಕೋಟೆಯ ನೆಲಮಾಳಿಗೆಯಲ್ಲಿ ಹಾಕುತ್ತಾರೆ. ಇಂದುಮತಿ ಹೊಳೆಯ ಈಚೆ ದಡದಲ್ಲಿ ಕಾಯುತ್ತಾಳೆ. ನಾನು ಪುಸ್ತಕ ಮುಚ್ಚಲು ಹೋದೆ. ಅತ್ತೆ ಕೈ ಹಿಡಿದರು.

"ಅಲ್ವೇ ಗಂಗಿ, ಅವ್ನ್ನ ಕತ್ಲೆ ಕೋಣೇಲಿ ಕೂಡಾಕಿ ನೀನು ಪುಸ್ತಕ ಮುಚ್ಚಿಟ್ಬಿಟ್ರೆ, ನಾವು ಹೊಟ್ಟೆಗೆ ಹೆಂಗೆ ತಿನ್ನಾನಾ? ಸೀತಮ್ಮನ್ನ ಅಶೋಕವನದಾಗೆ ಬಿಟ್ಟು ಯಾರಾನಾ ರಾಮಾಯಣ ನಿಲ್ಲುಸ್ತಾರಾ?"

ಪಟ್ಟಾಭಿಷೇಕದವರೆಗೂ ಓದದೆ ಪೀಠ ಎತ್ತುವ ಹಾಗಿಲ್ಲ ಎಂದರು. ಮೈದುನ ಕೊಂಡಪ್ಪ ಸೈನ್ಯ ಸೇರಿ ಸಿಂಗಪುರಕ್ಕೆ ಹೋಗಿ ನಾಲ್ಕನೆಯ ವರ್ಷ. ಪತ್ತೆಯಿಲ್ಲ ಎಂಬ ಸರ್ಕಾರದ ಕಾಗದ ಬಿಟ್ಟರೆ ಬೇರೇನೂ ಬಂದಿಲ್ಲ. ಅವನ ಹೆಸರನ್ನು ಅತ್ತೆ ಎತ್ತಲಿಲ್ಲ. ಲಕ್ಕಮ್ಮ ಮಡಿಲಿನ ಹುಣಸೆಬೀಜ ಕೊಡವಿಕೊಂಡು ಎದ್ದು ಹೋದಳು. ಅವಳು ಅತ್ತೆಯ ತಮ್ಮ ವೆಂಕಟರಾಯಪ್ಪನವರ ಮಗಳು, ಹಿಂದಿನ ಬೀದಿಯಲ್ಲೇ ಮನೆ. ಕೊಂಡಪ್ಪ ಹೊರಡುವ ಮೊದಲು ವೀಳ್ಯ ಬದಲಾಯಿಸಿ ಅವನಿಗೆಂದು ಗೊತ್ತು ಮಾಡಿದ್ದು ಅವಳನ್ನೇ.

ಪುಸ್ತಕ ಪೀಠದ ಮೇಲೆ ತೆರೆದೇ ಇದೆ. ನೀವೇ ಬಂದು ಓದಬೇಕೆಂದು ಬರೆಯಲು ಅತ್ತೆ ಹೇಳಿದರು. ಅಮ್ಮ ಹೋದ ಮೇಲೆ ನೀವು ಯಾರೆದುರೂ ಗಟ್ಟಿಯಾಗಿ ಓದಿದ್ದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಪುಸ್ತಕ ಮಾತ್ರ ಕೇಳುತ್ತಿದ್ದೇನೆ.

ಗಂಗಲಕ್ಷ್ಮಮ್ಮ


ದೇವನಹಳ್ಳಿ
27 ಫೆಬ್ರವರಿ 1945

ಗಂಗಾ,

ಎರಡನೆಯ ಭಾಗ ಕನ್ನಡದಲ್ಲಿ ಅಚ್ಚಾಗಿಲ್ಲ. ಪ್ರಕಾಶಕರಿಗೆ ಬರೆದು ಕೇಳಿದೆ. ಯುದ್ಧ ಮುಗಿದು ಕಾಗದ ಸಿಗುವವರೆಗೆ ಅಚ್ಚು ಮಾಡುವ ಯೋಚನೆ ಅವರಿಗಿಲ್ಲ.

ಅಂಗಡಿಯ ಚಿನ್ನಸ್ವಾಮಿಯ ಹತ್ತಿರ ಇದರ ತೆಲುಗು ಅನುವಾದ ಪೂರ್ತಿ ಇದೆ. ಬಂಗಾಳಿ ಮೂಲದಿಂದ ನೇರವಾಗಿ ಮಾಡಿದ್ದು. ಕನ್ನಡದ್ದರೊಡನೆ ಹೋಲಿಸಿ ನೋಡಿದೆ, ಹೆಚ್ಚು ನಿಷ್ಠವಾಗಿದೆ. ನಾನು ಒಂದೊಂದೇ ಅಧ್ಯಾಯ ಕನ್ನಡಕ್ಕೆ ಮಾಡಿ ಕಳಿಸುತ್ತೇನೆ. ಹದಿಮೂರನೆಯದು ಇದರೊಡನೆ ಇದೆ. ಮೂಲದಲ್ಲಿರುವುದನ್ನು ಬಿಡುವುದಿಲ್ಲ, ಇಲ್ಲದ್ದನ್ನು ಸೇರಿಸುವುದಿಲ್ಲ. ಓದುವಾಗ ನೀನೂ ಹಾಗೆಯೇ ಮಾಡಬೇಕು.

ಒಂದು ಮಾತು. ಈ ಗ್ರಂಥಕರ್ತರ ಪುಸ್ತಕವನ್ನು ಪೀಠದ ಮೇಲಿಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ. ಇವರಿಗೆ ಯುದ್ಧವೆಂದರೆ ಮಲ್ಲಿಗೆಯ ವಾಸನೆಯ ನಡುವೆ ಎಲ್ಲೋ ಕೇಳುವ ನಗಾರಿ. ಮೆಣಸಿನಕಾಯಿ ನಮ್ಮ ದೇಶಕ್ಕೆ ಬರುವ ಎಷ್ಟೋ ಮೊದಲೇ ಸಮರಜಿತ ಅದನ್ನು ಕಚ್ಚಿಕೊಂಡು ರೊಟ್ಟಿ ತಿನ್ನುತ್ತಾನೆ. ಅವನ ಕುದುರೆ ಪುಸ್ತಕದುದ್ದಕ್ಕೂ ಓಡುತ್ತದೆ, ನೀರು ಕುಡಿಯುವುದಿಲ್ಲ. ಇಂದುಮತಿ ಕಾಯುವ ರಾತ್ರಿಗಳೆಲ್ಲವೂ ಬೆಳದಿಂಗಳು. ಮೊದಲ ಭಾಗದಲ್ಲಿ ಎರಡು ವರ್ಷ ಕಳೆಯುತ್ತವೆ, ಒಂದು ಅಮಾವಾಸ್ಯೆಯೂ ಬರುವುದಿಲ್ಲ. ಆದರೂ ಇಂಥ ಪುಸ್ತಕಗಳನ್ನು ಜನ ಏಕೆ ಓದುತ್ತಾರೆಂದು ತಿಳಿಯದವನಲ್ಲ. ಗಲಭೆಯ ಕಾಲದಲ್ಲಿ ಯಾರೋ ಇಬ್ಬರು ಒಬ್ಬರಿಗೊಬ್ಬರು ನೆನಪಿರುತ್ತಾರೆ, ಅಷ್ಟೇ.

ನಿಮ್ಮ ಅತ್ತೆಯವರಿಗೆ ನಮಸ್ಕಾರ ತಿಳಿಸು.

ಆದಿನಾರಾಯಣಪ್ಪ


ರಾಜಘಟ್ಟ
14 ಮಾರ್ಚ್ 1945

ಅಪ್ಪನವರಿಗೆ,

ಹದಿಮೂರು ಓದಿದೆವು, ಹದಿನಾಲ್ಕು ನಿನ್ನೆ ಬಂತು. ನಿಮ್ಮ ಅಕ್ಷರ ಅಚ್ಚಿಗಿಂತ ಚೆನ್ನಾಗಿದೆಯೆಂದು ನಮ್ಮ ಮನೆಯವರು ಹೇಳಿದರು. ನೀವು ಹೇಳಿದಂತೆ ಒಂದಕ್ಷರ ಸೇರಿಸದೆ ಓದುತ್ತಿದ್ದೇನೆ. ಸಮರಜಿತ ಅನ್ನಲು ಅತ್ತೆಗೆ ನಾಲಿಗೆ ಹೊರಳುವುದಿಲ್ಲ. ಅವರಿಗೆ ಅವನು ಸಮರಪ್ಪ.

ಒಂದು ವಿಷಯ ನಡೆಯಿತು. ಯುಗಾದಿ ಕಳೆದ ಮೇಲೆ ಲಕ್ಕಮ್ಮನನ್ನು ಬೇರೆ ಕಡೆ ಕೊಡುವುದೆಂದು ವೆಂಕಟರಾಯಪ್ಪನವರು ತೀರ್ಮಾನಿಸಿ, ಕೊಂಡಪ್ಪನ ವೀಳ್ಯ ಹಿಂದಿರುಗಿಸಲು ಮೊನ್ನೆ ಮಧ್ಯಾಹ್ನ ಮನೆಗೆ ಬಂದರು. ಅವರನ್ನು ಕೆಟ್ಟವರೆನ್ನಲಾರೆ. ಹುಡುಗಿಗೆ ಹತ್ತೊಂಬತ್ತು. ಅವರು ಬಂದಾಗ ನಾವು ಓದುತ್ತಿದ್ದೆವು. ಅತ್ತೆ ತಮ್ಮನ ಕೈಯಲ್ಲಿದ್ದ ತಟ್ಟೆ ನೋಡಿದರು, ಹುಣಸೆಹಣ್ಣಿನಿಂದ ಕೈ ತೆಗೆಯಲೂ ಇಲ್ಲ.

"ಕಥೆ ಕುಂತದೆ ಕಣಪ್ಪ ಮನೇಲಿ. ಮಂಗಳ ಆಗೋಗಂಟ ವೀಳ್ಯ ಗೀಳ್ಯ ಅಂತ ಅಪಶಕುನ ತರಬ್ಯಾಡ."

ವ್ಯಾಸಪೀಠಕ್ಕೆ ಹೂವು ಇಟ್ಟಿರುವುದನ್ನು ಅವರು ನೋಡಿದರು. ಓದು ನಡೆಯುತ್ತಿರುವ ಮನೆಯಲ್ಲಿ ಸಂಬಂಧ ಮುರಿಯುವುದುಂಟೇ? ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಮುಗಿದ ಮೇಲೆ ಬರುತ್ತೇನೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಈ ಸಮರಪ್ಪ ಅನ್ನೋನು ಯಾವ ಊರಿನವನು ಎಂದು ಕೇಳಿದರು. ಆಮೇಲೆ ದಿನಾ ಬರುತ್ತಿದ್ದಾರೆ.

ಹೀಗಾಗಿ ಕಥೆ ಇರುವವರೆಗೆ ಲಕ್ಕಮ್ಮನ ವೀಳ್ಯ ಇಲ್ಲೇ ಇರುತ್ತದೆ. ಪುಸ್ತಕದಲ್ಲಿ ಇನ್ನು ಎಷ್ಟು ಅಧ್ಯಾಯಗಳಿವೆ?

ಗಂಗಲಕ್ಷ್ಮಮ್ಮ


ದೇವನಹಳ್ಳಿ
4 ಏಪ್ರಿಲ್ 1945

ಗಂಗಾ,

ಹದಿನೈದು ಮತ್ತು ಹದಿನಾರು ಇದರೊಡನೆ ಇವೆ. ಹದಿನಾರರಲ್ಲಿ ಸಮರಜಿತ ನೆಲಮಾಳಿಗೆಯಿಂದ ತಪ್ಪಿಸಿಕೊಂಡು ಕೋಟೆಯ ಒಳಬಾಗಿಲಿಗೆ ಬರುತ್ತಾನೆ. ಅಲ್ಲಿಗೆ ಅಧ್ಯಾಯ ನಿಲ್ಲುತ್ತದೆ.

ಪುಸ್ತಕದಲ್ಲಿ ಒಟ್ಟು ಇಪ್ಪತ್ತು ಅಧ್ಯಾಯಗಳು. ಮುಂದಿನದು ಸ್ವಲ್ಪ ತಡವಾಗಬಹುದು. ಕಣ್ಣು ಅಷ್ಟು ಸರಿಯಾಗಿಲ್ಲ.

ಆದಿನಾರಾಯಣಪ್ಪ


ರಾಜಘಟ್ಟ
9 ಮೇ 1945

ಅಪ್ಪನವರಿಗೆ,

ಯುಗಾದಿ ಮುಗಿದು ತಿಂಗಳು ಕಳೆಯುತ್ತಾ ಬಂತು. ಸಮರಜಿತ ಒಳಬಾಗಿಲಲ್ಲಿ ನಿಂತೇ ಇದ್ದಾನೆ. ಹುಣಸೆಹಣ್ಣು ಮುಗಿದುಹೋಯಿತು. ಆದರೂ ಹೆಂಗಸರು ಬರಿಗೈಯಲ್ಲಿ ಬಂದು ಕೂತು, ಹದಿನಾರನ್ನೇ ಮತ್ತೆ ಓದಿಸಿಕೊಂಡು ಹೋಗುತ್ತಾರೆ.

ವೆಂಕಟರಾಯಪ್ಪನವರಿಗೆ ನೆಲಮಂಗಲದ ಕಡೆಯಿಂದ ಒಂದು ಸಂಬಂಧ ಬಂದಿದೆ. ಗಂಡಿನ ಮನೆಯವರು ಅವಸರ ಮಾಡುತ್ತಿದ್ದಾರೆ. ನಿನ್ನೆ ಅವರು ಅತ್ತೆಯನ್ನು ಕೇಳಿದ್ದು ಇಷ್ಟು: "ಅಕ್ಕಾ, ಕಥೆ ನಿಂತೋಯ್ತೋ, ಇಲ್ಲ ನಡೀತದೋ? ನಿಂತೋಗಿದ್ರೆ ಹೇಳ್ಬಿಡು, ನಾನೂ ನನ್ನ ದಾರಿ ನೋಡ್ಕತೀನಿ." ಅತ್ತೆ ನನ್ನ ಮುಖ ನೋಡಿದರು. ನಮ್ಮ ಅಪ್ಪನವರಿಗೆ ಕಣ್ಣು ನೋವು, ವಾಸಿಯಾದ ತಕ್ಷಣ ಬರುತ್ತದೆ ಎಂದೆ.

ಚಿನ್ನಸ್ವಾಮಿ ಮಾವನವರು ದೊಡ್ಡಬಳ್ಳಾಪುರದ ಸಂತೆಯಲ್ಲಿ ನಮ್ಮ ಮನೆಯವರಿಗೆ ಸಿಕ್ಕಿದ್ದರಂತೆ. ನೀವು ದಿನವೂ ಅವರ ಅಂಗಡಿಗೆ ಬಂದು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೀರಂತೆ. ಬರ್ಮಾ, ಮಲಯದ ಸುದ್ದಿಯನ್ನು ಎರಡು ಸಲ ಓದುತ್ತೀರಂತೆ. ಹಾಗಾದರೆ ನಿಮ್ಮ ಕಣ್ಣಿಗೆ ಏನೂ ಆಗಿಲ್ಲವೆಂದು ತಿಳಿದು ಸಮಾಧಾನವಾಯಿತು. ಬೇರೆ ಏನಾಗಿದೆಯೆಂದು ಕೇಳುವುದಿಲ್ಲ.

ಗಂಗಲಕ್ಷ್ಮಮ್ಮ


ದೇವನಹಳ್ಳಿ
26 ಮೇ 1945

ಗಂಗಾ,

ಹದಿನೇಳನೆಯ ಅಧ್ಯಾಯ ಕಳಿಸಿದ್ದೇನೆ. ಉದ್ದವಾಗಿದೆ. ಒಂದೇ ದಿನ ಓದಿ ಮುಗಿಸಬೇಕಾಗಿಲ್ಲ.

ಆದಿನಾರಾಯಣಪ್ಪ


ರಾಜಘಟ್ಟ
17 ಜೂನ್ 1945

ಅಪ್ಪನವರಿಗೆ,

ಹದಿನೇಳನೆಯದನ್ನು ನಿಧಾನವಾಗಿ, ಹಲವು ದಿನ ಓದಿದೆ. ಸಮರಜಿತ ಒಳಬಾಗಿಲು ದಾಟುವ ಮೊದಲೇ ಮತ್ತೆ ಸಿಕ್ಕಿಬಿದ್ದ. ಈ ಸಲ ಬೇರೆ ಕೋಟೆಗೆ, ಇನ್ನೂ ದೂರಕ್ಕೆ ಸಾಗಿಸಿದರು. ವೆಂಕಟರಾಯಪ್ಪನವರು ತೊಡೆ ತಟ್ಟಿಕೊಂಡು ಬೇಸರಪಟ್ಟರು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ನೆಲಮಂಗಲದವರಿಗೆ, ಅಕ್ಕನ ಮನೆಯಲ್ಲಿ ಒಂದು ಕಾರ್ಯ ನಡೆಯುತ್ತಿದೆ, ಮುಗಿಯದೆ ಮಾತು ಕೊಡಲಾಗುವುದಿಲ್ಲ ಎಂದು ಹೇಳಿಕಳಿಸಿದರಂತೆ.

ಈ ಅಧ್ಯಾಯದಲ್ಲಿ ಕೆಲವು ವಿಷಯಗಳನ್ನು ಗಮನಿಸಿದೆ. ಕುದುರೆ ಕೆರೆಗೆ ಇಳಿದು ನೀರು ಕುಡಿಯುತ್ತದೆ. ಸೆರೆಯಲ್ಲಿ ಸಮರಜಿತನಿಗೆ ಕೊಡುವುದು ನವಣೆಯ ಗಂಜಿ, ಅದರಲ್ಲಿ ಕಲ್ಲಿರುತ್ತದೆ, ಅವನು ಕಲ್ಲುಗಳನ್ನು ನಾಲಿಗೆಯಿಂದ ಬೇರೆ ಮಾಡಿ ಗೋಡೆಯ ಸಂದಿನಲ್ಲಿ ಇಡುತ್ತಾನೆ. ಹೊಳೆ ಬೇಸಗೆಯಲ್ಲಿ ಬತ್ತುತ್ತದೆ. ಇಂದುಮತಿ ಹೊರಗೆ ಬಂದು ನೋಡಿದರೆ ಆಕಾಶದಲ್ಲಿ ಚಂದ್ರನಿಲ್ಲ, ಆವತ್ತು ಅಮಾವಾಸ್ಯೆ.

ಈ ಪುಸ್ತಕದಲ್ಲಿ ಅಮಾವಾಸ್ಯೆ ಬಂದದ್ದು ಇದೇ ಮೊದಲು.

ಒಂದೇ ಪ್ರಶ್ನೆ. ತೆಲುಗಿನಲ್ಲಿ ಅವನು ಸಾಯುತ್ತಾನೆಯೇ?

ಗಂಗಲಕ್ಷ್ಮಮ್ಮ


ದೇವನಹಳ್ಳಿ
22 ಜೂನ್ 1945

ಗಂಗಾ,

ಹೌದು. ಹದಿನೇಳನೆಯ ಅಧ್ಯಾಯದಲ್ಲಿ, ಕೋಟೆಯ ಒಳಬಾಗಿಲಿನಲ್ಲಿ. ಉಳಿದ ಮೂರು ಅಧ್ಯಾಯಗಳು ಇಂದುಮತಿಯ ಶೋಕ.

ಆದಿನಾರಾಯಣಪ್ಪ


ರಾಜಘಟ್ಟ
1 ಜುಲೈ 1945

ಅಪ್ಪನವರಿಗೆ,

ನಿಮ್ಮ ಕಾಗದವನ್ನು ಓದಿ ಒಲೆಗೆ ಹಾಕಿದೆ. ಆಮೇಲೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಚಿಕ್ಕಂದಿನಲ್ಲಿ ನಾನು ಕಥೆ ಹೇಳುವಾಗ ಇಲಿಯನ್ನು ಬೆಕ್ಕು ಹಿಡಿಯಲಿಲ್ಲ ಎಂದದ್ದಕ್ಕೆ, ಪುಸ್ತಕದಲ್ಲಿ ಹಿಡಿಯಿತೆಂದು ಇದೆ, ಸರಿಯಾಗಿ ಹೇಳು ಎಂದು ನನ್ನನ್ನು ಕೂರಿಸಿ ಮತ್ತೆ ಹೇಳಿಸಿದವರು ನೀವು. ಅದನ್ನು ಈಗ ಏಕೆ ನೆನೆದೆನೋ.

ನೀವು ಏನು ಕಳಿಸಿದರೂ ಓದುತ್ತೇನೆ. ಈ ವಿಷಯ ಇಲ್ಲಿಗೆ ನಿಲ್ಲಲಿ.

ಆದರೆ ಒಂದು ತೊಂದರೆ ಇದೆ. ನೀವು ತುಂಬ ಸರಿಯಾಗಿ ಬರೆಯುತ್ತೀರಿ. ಮೊನ್ನೆ ಬಂದ ಹದಿನೆಂಟನೆಯದರಲ್ಲಿ ದಂಡಿನ ಎತ್ತುಗಳಿಗೆ ಮೇವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಎರಡು ಪುಟಗಳಿವೆ. ನಮ್ಮ ಮನೆಯವರು ಹೊಲದಿಂದ ಬಂದು ಅದನ್ನು ನಿಂತು ಕೇಳಿ ತಲೆದೂಗಿದರು. ಹೆಂಗಸರು ಆಕಳಿಸಿದರು. ಲಕ್ಕಮ್ಮ ನನ್ನನ್ನು ಬಾವಿಯ ಹತ್ತಿರ ಹಿಡಿದು, "ಅಕ್ಕಾ, ಈಚೀಚೆಗೆ ಬೆಳುದಿಂಗಳೇ ಬರ್ತಾ ಇಲ್ವಲ್ಲ" ಎಂದಳು. ಅವಳಿಗೆ ಸ್ವಲ್ಪ ಬೆಳದಿಂಗಳು ಬೇಕಪ್ಪ. ಮಲ್ಲಿಗೆಯೂ ಇರಲಿ. ತಿಂಗಳು ತಪ್ಪಿದರೂ ಚಿಂತೆಯಿಲ್ಲ.

ಗಂಗಲಕ್ಷ್ಮಮ್ಮ


ದೇವನಹಳ್ಳಿ
20 ಆಗಸ್ಟ್ 1945

ಗಂಗಾ,

ಹತ್ತೊಂಬತ್ತನೆಯದು ಇದರೊಡನೆ ಇದೆ. ಬೆಳದಿಂಗಳು ಹಾಕಿದ್ದೇನೆ. ಹಿಂದಿನ ಅಧ್ಯಾಯದ ತಿಥಿಯನ್ನು ಲೆಕ್ಕ ಹಾಕಿದರೆ ಆ ರಾತ್ರಿ ಚಂದ್ರ ಇರಲಾರ. ಲೆಕ್ಕ ಹಾಕುವವರು ನಿಮ್ಮಲ್ಲಿ ಯಾರೂ ಇಲ್ಲವೆಂದು ನಂಬಿದ್ದೇನೆ. ಮಲ್ಲಿಗೆಯನ್ನು ಪುಷ್ಯ ಮಾಸದಲ್ಲಿ ಅರಳಿಸಲು ನನ್ನಿಂದ ಆಗಲಿಲ್ಲ. ಬದಲಿಗೆ ಸೇವಂತಿಗೆ ಇದೆ.

ಜಪಾನಿನವರು ಶರಣಾದ ಸುದ್ದಿ ನಿಮಗೆ ಮುಟ್ಟಿರಬೇಕು. ಸೆರೆಯಾಳುಗಳನ್ನು ಬಿಡಿಸಿ ಹಡಗಿನಲ್ಲಿ ಕಳಿಸುವ ಮಾತು ಪತ್ರಿಕೆಯಲ್ಲಿದೆ. ಹೆಸರುಗಳಿಲ್ಲ. ನಿಮ್ಮ ಅತ್ತೆಯವರಿಗೆ ಸುದ್ದಿಯನ್ನು ಇದ್ದಷ್ಟೇ ಹೇಳು, ಹೆಚ್ಚು ಮಾಡಬೇಡ. ಇದು ಕಥೆಯಲ್ಲ.

ಇಪ್ಪತ್ತನೆಯ ಅಧ್ಯಾಯವನ್ನು ಶುರುಮಾಡಿಲ್ಲ.

ಆದಿನಾರಾಯಣಪ್ಪ


ರಾಜಘಟ್ಟ
7 ಅಕ್ಟೋಬರ್ 1945

ಅಪ್ಪ,

ಕೊಂಡಪ್ಪ ಇದ್ದಾನೆ.

ನಿನ್ನೆ ಒಂದು ಕಾರ್ಡು ಬಂತು. ಮಾತೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಸಹಿ ಮಾತ್ರ ಕನ್ನಡ. ಅವನಿಗೆ ಸಹಿ ಕಲಿಸಿದವಳು ನಾನು. ಕೊಂ ಅಕ್ಷರದ ಸೊನ್ನೆಯನ್ನು ಎಷ್ಟು ಹೇಳಿದರೂ ಅವನು ಕಡಲೆಕಾಳಿನಷ್ಟು ದೊಡ್ಡದಾಗಿ ಬರೆಯುತ್ತಿದ್ದ. ಅದೇ ಸೊನ್ನೆ. ಅಂಚೆಯವನ ಕೈಯಲ್ಲಿ ಇರುವಾಗಲೇ ಗುರುತಾಯಿತು. ನಮ್ಮ ಮನೆಯವರು ದೊಡ್ಡಬಳ್ಳಾಪುರಕ್ಕೆ ಹೋಗಿ ವಕೀಲರ ಹತ್ತಿರ ಓದಿಸಿಕೊಂಡು ಬಂದರು. ಆರೋಗ್ಯವಾಗಿದ್ದಾನೆ, ಹಡಗಿಗೆ ಕಾಯುತ್ತಿದ್ದಾನೆ, ಮದರಾಸಿಗೆ ಬರುತ್ತಾನೆ. ನಾನು ಇದಕ್ಕೆ ಏನನ್ನೂ ಸೇರಿಸಿಲ್ಲ.

ಅತ್ತೆ ಅಳಲಿಲ್ಲ. ಒಳಗೆ ಹೋಗಿ ಬಿಸಿ ಮುದ್ದೆ ಕಟ್ಟಿ, ಎಲ್ಲರನ್ನೂ ಕೂರಿಸಿ ಹೊಟ್ಟೆ ತುಂಬ ಬಡಿಸಿದರು. ನಾಲ್ಕು ವರ್ಷದಲ್ಲಿ ಅವರು ಎರಡನೆಯ ಮುದ್ದೆ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದು ನಿನ್ನೆಯೇ. ವೆಂಕಟರಾಯಪ್ಪನವರು ಜಗಲಿಯ ಮೇಲೆ ಕೂತು, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಯಾರೂ ಎದುರಾಡಲಿಲ್ಲ.

ಲಕ್ಕಮ್ಮ ಸಂಜೆಯವರೆಗೆ ಬರಲಿಲ್ಲ. ಬಂದವಳು, "ಅಕ್ಕಾ, ಆ ಗಂಜೀಲಿ ಕಲ್ಲು ಸಿಗೋದು ಐತಲ್ಲ, ಅದನ್ನ ಇನ್ನೊಂದ್ಸಲ ಓದ್ತೀಯಾ?" ಎಂದಳು. ಓದಿದೆ.

ಗಂಗ


ರಾಜಘಟ್ಟ
22 ನವೆಂಬರ್ 1945

ಅಪ್ಪ,

ಕೊಂಡಪ್ಪ ದೀಪಾವಳಿಯಾದ ವಾರದಲ್ಲಿ ಬಂದ. ಆ ದಿನದ ಬಗ್ಗೆ ಬರೆಯಲು ಎರಡು ಸಲ ಕೂತೆ. ಬರೆದದ್ದೆಲ್ಲ ಕಾದಂಬರಿಯಂತೆ ಕಾಣುತ್ತದೆ. ಬಿಟ್ಟುಬಿಟ್ಟೆ.

ಸಣ್ಣಗಾಗಿದ್ದಾನೆ. ಮಾತು ಕಡಿಮೆ. ಹಗಲೆಲ್ಲ ಬಾಗಿಲ ಹತ್ತಿರವೇ ಕೂರುತ್ತಾನೆ. ಮದುವೆ ಮಾಘದಲ್ಲಿ, ಅಷ್ಟರಲ್ಲಿ ಮೈ ಕೈ ತುಂಬಿಕೊಳ್ಳಲಿ ಎಂದು ಅತ್ತೆ ಹೇಳಿದ್ದಾರೆ. ಮಧ್ಯಾಹ್ನದ ಓದಿನಲ್ಲಿ ಅವನೂ ಕೂರುತ್ತಾನೆ. ಅವನಿಗಾಗಿ ನಡುವಿನಿಂದ ಮತ್ತೆ ಓದುತ್ತಿದ್ದೇನೆ. ಮೊದಲ ದಿನ ಅವನು ಕೇಳಿದ್ದು, "ಅತ್ತಿಗೆ, ಅಲ್ಲಿ ಅವನಿಗೆ ಹೊಟ್ಟೆಗೆ ಏನು ಕೊಡ್ತಿದ್ರು?" ಎಂದು. ಹದಿನೇಳನೆಯದನ್ನು ತೆಗೆದು ಗಂಜಿಯ ಭಾಗ ಓದಿದೆ. ಅವನು, "ಇದನ್ನ ಬರೆದೋನಿಗೆ ಗೊತ್ತು" ಎಂದ. ಲಕ್ಕಮ್ಮ ಕಂಬದ ಮರೆಯಲ್ಲಿದ್ದಳು. ಊರಿಗೆ ಬಂದ ಮೇಲೆ ಅವನು ಅಲ್ಲಿಯ ಮಾತನ್ನು ಎತ್ತಿದ್ದು ಅದೇ ಮೊದಲು.

ಇನ್ನು ಅತ್ತೆಯ ಮಾತು. ನಿನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನನಗೊಬ್ಬಳಿಗೇ ಹೇಳಿದರು.

"ನಂಗೇನೂ ತಿಳೀದು ಅಂದ್ಕಂಡಿದೀಯೇನೇ ಗಂಗಿ? ಹದ್ನೇಳ್ನೇದ್ರಿಂದ ಆ ಕುದ್ರೆ ನೀರು ಕುಡೀತಾ ಐತೆ. ಅದಕ್ಕೂ ಮುಂಚೆ ಒಂದಿನಾನಾ ಕುಡೀತಾ? ಬೀಗ್ರು ಪಾಪ, ಅವನನ್ನ ಸಾಯ್ಸೋಕೆ ಮನಸ್ ಬರ್ದೆ ಊರೂರು ಸುತ್ತುಸ್ತಾವ್ರೆ. ಅವ್ರಿಗೆ ಕಾಗ್ದ ಬರಿ. ಇನ್ನು ಪುಸ್ತಕದಾಗೆ ಹೆಂಗೈತೋ ಹಂಗೇ ಮುಗುಸ್ಲಿ. ಕಥೆಯೋನು ಹೋದ್ರೆ ನಮ್ಮೋನ ಕಂಟಕ ತಾನು ತಕ್ಕೊಂಡೋದ ಅನ್ಕತೀನಿ. ನಮ್ಮೋನು ಬಂದ, ಅಷ್ಟು ಸಾಕು."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಸೊಗಡು ಅವರೆಯ ಎಣ್ಣೆ ಕೈಗೆ ಹತ್ತಿತ್ತು, ಇಬ್ಬರೂ ಮುಂಗೈಯಿಂದ ಕಣ್ಣೊರೆಸಿಕೊಂಡೆವು.

ಮದುವೆಗೆ ಮುಂಚೆ ಮಂಗಳ ಆಗಿ ಪೀಠ ಎತ್ತಬೇಕು. ಹೇಗೆ ಮುಗಿಸುತ್ತೀರೋ ನಿಮಗೆ ಬಿಟ್ಟದ್ದು. ಈಗ ಯಾವುದನ್ನು ಓದಿದರೂ ಈ ಮನೆ ತಡೆಯುತ್ತದೆ.

ಗಂಗ


ದೇವನಹಳ್ಳಿ
29 ನವೆಂಬರ್ 1945, ಗುರುವಾರ

ಗಂಗಾ,

ನಿಮ್ಮ ಅತ್ತೆಯವರ ಅನುಮತಿ ತಲುಪಿತು. ಅವರಿಗೆ ನನ್ನ ನಮಸ್ಕಾರ. ಕುದುರೆಗೆ ನೀರು ಕುಡಿಸಿದ್ದು ಸಿಕ್ಕಿಬೀಳುತ್ತದೆಂದು ನಾನು ಎಣಿಸಿರಲಿಲ್ಲ.

ಎರಡು ರೀತಿಯಲ್ಲೂ ಯೋಚಿಸಿದೆ. ತೆಲುಗಿನ ಹದಿನೇಳನೆಯ ಅಧ್ಯಾಯವನ್ನು ಮತ್ತೆ ಓದಿದೆ. ಸಾವನ್ನು ಚೆನ್ನಾಗಿಯೇ ಬರೆದಿದ್ದಾರೆ, ಒಪ್ಪಬೇಕು. ಅವರ ಪುಸ್ತಕದಲ್ಲಿ ಅದು ಸರಿ. ಆದರೆ ನಿಮ್ಮ ಹಜಾರದಲ್ಲಿ ನವಣೆಯ ಗಂಜಿ ಕುಡಿದ ಸಮರಜಿತ ಆ ಪುಸ್ತಕದವನಲ್ಲ. ಇವನಿಗೆ ಅವರ ಸಾವನ್ನು ತಂದು ಹಾಕಿದರೆ ಅದೇ ತಪ್ಪು ಅನುವಾದವಾಗುತ್ತದೆ. ಇವತ್ತು ಬೆಳಿಗ್ಗೆ ಪುಸ್ತಕವನ್ನು ಚಿನ್ನಸ್ವಾಮಿಗೆ ಹಿಂದಿರುಗಿಸಿದೆ.

ಇಪ್ಪತ್ತನೆಯ ಅಧ್ಯಾಯವನ್ನು ಮನೆಯ ಬಾಗಿಲಿನವರೆಗೆ ಬರೆದಿದ್ದೇನೆ. ಅವನು ಹೊಳೆ ದಾಟಿ ಬಂದಿದ್ದಾನೆ. ಬಾಗಿಲು ತೆರೆದಿದೆ. ಮುಂದಿನ ಪುಟ ಖಾಲಿಯಿದೆ. ಅಷ್ಟು ವರ್ಷದ ಮೇಲೆ ಮನೆಗೆ ಬಂದವನು ಹೊಸ್ತಿಲ ಮೇಲೆ ನಿಂತು ಮೊದಲು ಕೇಳುವುದೇನು? ನಾನು ಓದಿದ ಯಾವ ಕಾದಂಬರಿಯಲ್ಲಿಯೂ ಇದಕ್ಕೆ ನಂಬುವಂಥ ಉತ್ತರವಿಲ್ಲ. ಎಲ್ಲರೂ ಪ್ರಿಯತಮೆಯ ಹೆಸರು ಕೂಗುತ್ತಾರೆ. ಊಹಿಸಿ ಬರೆಯಲು ಮನಸ್ಸಿಲ್ಲ. ನೀನು ಬರೆದು ತಿಳಿಸಲೂ ಬೇಡ. ಕೊಂಡಪ್ಪನನ್ನು ನಾನೇ ಕೇಳಬೇಕು. ಅವನು ಹೇಳಿದರೆ ಅದನ್ನೇ ಬರೆಯುತ್ತೇನೆ. ಹೇಳದಿದ್ದರೆ, ಅವನು ಏನೂ ಕೇಳಲಿಲ್ಲ ಎಂದು ಬರೆಯುತ್ತೇನೆ.

ಆದ್ದರಿಂದ ಬರುವ ಸೋಮವಾರ ಇದ್ದಿಲಿನಿಂದ ಓಡುವ ಬೆಳಗಿನ ಬಸ್ಸಿಗೆ ಹೊರಡುವುದೆಂದು ನಿಶ್ಚಯಿಸಿದ್ದೇನೆ. ಮಂಗಳವಾರ ಅಮಾವಾಸ್ಯೆ. ಆ ದಿನ ಅವನ ಜೊತೆ ಬಾಗಿಲ ಹತ್ತಿರ ಕೂರುತ್ತೇನೆ. ಬುಧವಾರ ಪಾಡ್ಯ. ಮಧ್ಯಾಹ್ನ ಎಲ್ಲರೂ ಸೇರಲಿ. ಪೀಠಕ್ಕೆ ಹೂವು ಇಡುವುದಾದರೆ ನನ್ನ ಅಭ್ಯಂತರವಿಲ್ಲ.

ಲಕ್ಕಮ್ಮನಿಗೆ ಹೇಳು, ಕೊನೆಯ ಅಧ್ಯಾಯದಲ್ಲಿ ಬೆಳದಿಂಗಳಿದೆ. ಈ ಸಲ ತಿಥಿಯೂ ಸರಿಯಾಗಿದೆ.

ನೀನು ಓದಬೇಕಾಗಿಲ್ಲ. ನಾನು ಓದುತ್ತೇನೆ.

ನಿನ್ನ ಅಪ್ಪ